ಬುಲೆಟ್ ಟ್ರೇನ್ ಬಂದ್ರೆ ಚೆನ್ನೈ ಫ್ಲೈಟ್ ನಿಲ್ಲುತ್ತಾ?

ಪ್ರಶ್ನೆ: ಸಾರ್, ಕೆಲಸದ ಮೇಲೆ ತಿಂಗಳಿಗೆ ಎರಡು ಸಲ ಚೆನ್ನೈಗೆ ಹೋಗ್ತೀನಿ, ಫ್ಲೈಟಲ್ಲೇ. 2026ರ ಕೇಂದ್ರ ಬಜೆಟ್‌ನಲ್ಲಿ ಚೆನ್ನೈ–ಬೆಂಗಳೂರು ಹೈಸ್ಪೀಡ್ ರೈಲು ಅಂದ್ರು. ಅದು ಬಂದ್ರೆ ಈ ಸಣ್ಣ ದೂರದ ಫ್ಲೈಟುಗಳೆಲ್ಲ ನಿಂತುಹೋಗುತ್ತಾ, ಇಲ್ಲ ಇದೆಲ್ಲ ಬರೀ ಮಾತಾ?
— ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ನಿಲ್ಲಬಹುದು ಸಾರ್. ಆದ್ರೆ ಸ್ಟೇಷನ್ನ ಎಲ್ಲಿ ಕಟ್ತಾರೆ ಅಂತ ನೋಡದೆ ನಾನಂತೂ ಹೌದು ಅನ್ನಲ್ಲ.

ಮೊದ್ಲು ನಿಮ್ಮ ಫ್ಲೈಟ್ ಲೆಕ್ಕಾನೇ ಹಾಕೋಣ. ಆಕಾಶದಲ್ಲಿ ಇರೋದು ಮುಕ್ಕಾಲು ಗಂಟೆ ಅಷ್ಟೇ, ಆದ್ರೆ ಎಂಟು ಗಂಟೆ ಫ್ಲೈಟಿಗೆ ನೀವು ಮನೆ ಬಿಡೋದು ಐದಕ್ಕೆ, ಕ್ಯಾಬ್‌ನವ್ನು ಟೈಮಿಗೆ ಬಂದ್ರೆ ಹೆಬ್ಬಾಳ ದಾಟಿ ದೇವನಹಳ್ಳಿ, ಅಲ್ಲಿ ಬೆಲ್ಟ್ ಬಿಚ್ಚು, ಲ್ಯಾಪ್‌ಟಾಪ್ ತೆಗೆದು ಟ್ರೇಗೆ ಹಾಕು, ಮತ್ತೆ ಬೆಲ್ಟ್ ಕಟ್ಕೊಂಡು ಗೇಟ್ ಹುಡುಕು, ಆಮೇಲೆ ಮೀನಂಬಾಕ್ಕಂನಲ್ಲಿ ಇಳಿದು ಊರೊಳಗೆ ಹೋಗೋಷ್ಟರಲ್ಲಿ ಹತ್ತೂವರೆ. ಐದೂವರೆ ಗಂಟೆ ಆಯ್ತಲ್ಲ! ಜನವರೀಲಿ ಒಂದ್ಸಲ ಮಂಜು ಕವಿದು ನಾನು ಗೇಟಲ್ಲೇ ಎರಡು ಗಂಟೆ ತೂಕಡಿಸಿದ್ದೆ, ಅದನ್ನ ಲೆಕ್ಕಕ್ಕೆ ಹಿಡಿದಿಲ್ಲ. ಈಗಿರೋ ವಂದೇ ಭಾರತ್, 2022ರ ನವೆಂಬರ್‌ನಲ್ಲಿ ಶುರುವಾಯ್ತಲ್ಲ, ಅದು ಮೆಜೆಸ್ಟಿಕ್‌ನಿಂದ ಚೆನ್ನೈ ಸೆಂಟ್ರಲ್‌ಗೆ ಹೆಚ್ಚುಕಮ್ಮಿ ನಾಲ್ಕೂಕಾಲು ಗಂಟೇಲಿ ಮುಟ್ಟಿಸುತ್ತೆ. ಅಂದ್ರೆ ಬುಲೆಟ್ ಇಲ್ದೇನೇ ಪೈಪೋಟಿ ಸಮಸಮ. ಆದ್ರೂ ನಿಮ್ಮಂಥೋರು ಫ್ಲೈಟ್ ಹತ್ತೋದ್ಯಾಕೆ ಅಂದ್ರೆ ಇಂಥ ಫಾಸ್ಟ್ ಟ್ರೇನು ಬೆರಳೆಣಿಕೆಯಷ್ಟು, ಮೀಟಿಂಗ್ ಫಿಕ್ಸ್ ಆಗಿ ಟಿಕೆಟ್ ನೋಡೋಷ್ಟರಲ್ಲಿ ವೇಟಿಂಗ್ ಲಿಸ್ಟು.

ಇದು ನಿಜಕ್ಕೂ ನಡೆದಿರೋ ಜಾಗ ಬೇಕಂದ್ರೆ ತೈವಾನ್ ನೋಡಿ. ತೈಪೆಯಿಂದ ಕಾವೊಶಿಯುಂಗ್‌ಗೆ ಸುಮಾರು 350 ಕಿ.ಮೀ., ನಮ್ಮ ಚೆನ್ನೈ ದೂರಾನೇ ಅನ್ಕೊಳ್ಳಿ. 2007ರಲ್ಲಿ ಗಂಟೆಗೆ 300 ಕಿ.ಮೀ. ಓಡೋ ರೈಲು ಬಂತು, 2012ಕ್ಕೆ ಆ ಎರಡೂರ ನಡುವಿನ ಫ್ಲೈಟ್ ಪೂರ್ತಿ ಬಂದ್. ಯಾರೂ ಬ್ಯಾನ್ ಮಾಡ್ಲಿಲ್ಲ, ಜನಾನೇ ಹತ್ತಲಿಲ್ಲ. ಆದ್ರೆ ಅಲ್ಲೂ ಎಡವಟ್ಟಾಗಿದೆ: ತೈನಾನ್ ಅನ್ನೋ ಊರಿನ ಸ್ಟೇಷನ್ನ ಊರಾಚೆ ಕಟ್ಟಿ, ಆಮೇಲೆ ಊರೊಳಗೆ ಹೋಗೋಕೆ ಅಂತಾನೇ ಇನ್ನೊಂದು ಲೈನ್ ಎಳೆದ್ರು. ಕಟ್ಟಿದ ಕಂಪನಿ ಸಾಲದಲ್ಲಿ ಮುಳುಗಿ 2015ರಲ್ಲಿ ಸರ್ಕಾರ ಕೈ ಹಿಡಿದು ಎತ್ತಬೇಕಾಯ್ತು.

ಫ್ರಾನ್ಸ್‌ನವ್ರು ಕಾನೂನೇ ತಂದ್ರು, ಎರಡೂವರೆ ಗಂಟೆ ಒಳಗೆ ರೈಲಲ್ಲಿ ಮುಟ್ಟೋ ಕಡೆಗೆ ಫ್ಲೈಟ್ ಬೇಡ ಅಂತ. 2023ರಲ್ಲಿ ಜಾರಿಯಾದಾಗ ಅದಕ್ಕೆ ಸಿಕ್ಕಿದ್ದು ಪ್ಯಾರಿಸ್‌ನ ಓರ್ಲಿಯಿಂದ ಬೋರ್ಡೊ, ನಾಂಟ್, ಲಿಯಾನ್, ಈ ಮೂರೇ ರೂಟು, ಕನೆಕ್ಟಿಂಗ್ ಫ್ಲೈಟಿಗೆ ವಿನಾಯಿತಿ ಬೇರೆ. ಅಷ್ಟಕ್ಕೆ ಎಷ್ಟು ಗಲಾಟೆ! ಕನೆಕ್ಟಿಂಗ್ ಜನಾನೂ ರೈಲಿಗೆ ಬರಬೇಕಂದ್ರೆ ಫ್ರಾಂಕ್‌ಫರ್ಟ್ ಥರ ಏರ್‌ಪೋರ್ಟ್ ಟರ್ಮಿನಲ್ ಪಕ್ಕಕ್ಕೇ ಟ್ರೇನ್ ಬರಬೇಕು.

ನಮ್ಮಲ್ಲಿ ನನಗಿರೋ ಭಯ ಅಂದ್ರೆ, ಊರೊಳಗೆ ಜಾಗ ಸಿಗಲ್ಲ ಅಂತ ಸ್ಟೇಷನ್ನ ವೈಟ್‌ಫೀಲ್ಡ್ ಆಚೆ ಎಲ್ಲೋ ಬಯಲಲ್ಲಿ ಕಟ್ಟಿಬಿಡ್ತಾರೆ. ಆಗ ಟ್ರೇನಲ್ಲಿ ಒಂದೂವರೆ ಗಂಟೆ, ಜಯನಗರದಿಂದ ಆ ಸ್ಟೇಷನ್‌ಗೂ ಒಂದೂವರೆ ಗಂಟೆ, ಅದೇ ಐದು ಗಂಟೆಗೆ ಅಲಾರಂ. ಮೆಟ್ರೊ ಇಳಿದು ಮೆಟ್ಟಿಲು ಹತ್ತಿದ್ರೆ ಪ್ಲಾಟ್‌ಫಾರ್ಮ್ ಇರಬೇಕು, ಆಗ ನೋಡಿ ಫ್ಲೈಟ್ ಖಾಲಿ ಹೊಡೆಯೋದು. ಅಲ್ಲಿಗಂಟ ಏರ್‌ಲೈನ್ ಪಾಯಿಂಟ್ಸ್ ಎಸೀಬೇಡಿ. ಮುಂಬೈ–ಅಹಮದಾಬಾದ್ 508 ಕಿ.ಮೀ. ಬುಲೆಟ್‌ಗೆ 2017ರಲ್ಲೇ ಶಂಕುಸ್ಥಾಪನೆ ಆಗಿದೆ, ಗಾಡಿ ಇನ್ನೂ ಓಡ್ಬೇಕಷ್ಟೆ.

ಪ್ರಶ್ನೆ: ಯಾವಾಗ್ಲೂ ಚೆನ್ನೈ, ಹೈದರಾಬಾದ್ ಅಂತೀರಿ. ನಮ್ಮ ಹುಬ್ಬಳ್ಳಿಗೆ ಬುಲೆಟ್ ಯಾವಾಗ್ರಿ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬುಲೆಟ್ ಯಾಕ್ ಬೇಕ್ರೀ, ಇರೋ ಹಳೀನೇ ಗಟ್ಟಿ ಮಾಡ್ಲಿ. ಬೆಂಗಳೂರಿಂದ ಸುಮಾರು 470 ಕಿ.ಮೀ. ವಂದೇ ಭಾರತ್ 160ರಲ್ಲಿ ಓಡೋ ತಾಕತ್ತಿರೋ ಗಾಡಿ, ಆದ್ರೂ ನಿಮ್ಮೂರು ಮುಟ್ಟೋಕೆ ಐದು ಗಂಟೆ ಮೇಲೇನೇ ಬೇಕು. ತಿರುವು ನೇರ ಮಾಡಿ, ದನ ನುಗ್ಗದಂಗೆ ಬೇಲಿ ಹಾಕಿ, ಸಿಗ್ನಲ್ ಸರಿಮಾಡಿ ಸರಾಸರಿ 120 ತೆಗೆದ್ರೆ ನಾಲ್ಕೇ ಗಂಟೆ. ಸ್ಟೇಷನ್ ಹೊರಗ ತಿಂದ ಗಿರ್ಮಿಟ್ ಕರಗೋದ್ರೊಳಗ ಮೆಜೆಸ್ಟಿಕ್ ಮುಟ್ತೀರಿ.