ಬಳ್ಳಾರಿಯಲ್ಲೇ ಇದ್ದುಕೊಂಡು ರಾಜಕೀಯ ಪ್ರಚಾರ, ಪಿಆರ್ ಕೆಲಸ ಮಾಡಿ ಬದುಕಬಹುದಾ?

ನೀವು ಕೇಳಿರುವುದು ಇಷ್ಟು: ಪತ್ರಿಕೋದ್ಯಮದಲ್ಲಿ ಎಂಎ ಮುಗಿದಿದೆ, ಊರು ಬಳ್ಳಾರಿ, ರಾಜಕಾರಣಿಗಳಿಗೆ ಪ್ರಚಾರ ಸಲಹೆಗಾರನಾಗಿ ಹೊಟ್ಟೆ ಹೊರೆಯಬಹುದಾ, ಅದಕ್ಕೆ ಬೆಂಗಳೂರಿಗೇ ಹೋಗಬೇಕಾ? ಬದುಕಬಹುದು. ನಾನು ಅದರಲ್ಲೇ ಬದುಕುತ್ತಿದ್ದೇನೆ. ಆದರೆ ನೀವು ಅಂದುಕೊಂಡಿರುವ ಕೆಲಸ ಬೇರೆ, ಇಲ್ಲಿ ಸಿಗುವ ಕೆಲಸ ಬೇರೆ.

ಸುನಿಲ್ ಕನುಗೋಲು ಹೆಸರು ಕೇಳಿರುತ್ತೀರಿ. ನಮ್ಮ ಬಳ್ಳಾರಿ ಮೂಲದವರೇ. 2023ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ತಂತ್ರ ಹೆಣೆದವರು, ಗೆದ್ದ ಮೇಲೆ ಮುಖ್ಯಮಂತ್ರಿಯ ಮುಖ್ಯ ಸಲಹೆಗಾರರಾದರು. ಅಂದಿನಿಂದ ನಮ್ಮ ಕಡೆ ಫೋಟೋಶಾಪ್ ಬರುವ ಹುಡುಗರಿಗೆಲ್ಲ ಅದೇ ಕನಸು. 2022ರ ಸೆಪ್ಟೆಂಬರ್‌ನಲ್ಲಿ ಪೇಟಿಎಂ ಅಣಕಿಸಿ ಕಾಂಗ್ರೆಸ್‌ನವರು ಅಂಟಿಸಿದ ಪೇಸಿಎಂ ಪೋಸ್ಟರ್ ನೆನಪಿದೆ ಅಲ್ವಾ? ಕ್ಯೂಆರ್ ಕೋಡ್ ನಡುವೆ ಆಗಿನ ಮುಖ್ಯಮಂತ್ರಿ, ಬಿಜೆಪಿಯ ಬೊಮ್ಮಾಯಿಯವರ ಮುಖ. ಎಲ್ಲರೂ ಡಿಸೈನ್ ಹೊಗಳಿದರು. ಆದರೆ ಅದರ ಹಿಂದಿದ್ದ, ಸರ್ಕಾರಿ ಕಾಮಗಾರಿಗೆ ಶೇ 40 ಕಮಿಷನ್ ಅನ್ನುವ ಆರೋಪ ಮಾಡಿದ್ದು ಗುತ್ತಿಗೆದಾರರ ಸಂಘ, ಅದೂ ಹಿಂದಿನ ವರ್ಷವೇ. ಚಹಾ ಅಂಗಡಿಯಲ್ಲಿ ಜನ ಆಗಲೇ ಆಡಿಕೊಳ್ಳುತ್ತಿದ್ದ ಮಾತಿಗೆ ಒಂದು ಚಿತ್ರ ಸಿಕ್ಕಿತು, ಅಷ್ಟೇ. ಜನ ಆಡದ ಮಾತನ್ನು ಎಷ್ಟೇ ಚಂದ ಮಾಡಿ ಅಂಟಿಸಿದರೂ ಅದು ಗೋಡೆ ಬಿಟ್ಟು ಕದಲುವುದಿಲ್ಲ.

ಹಾಗಾಗಿ ಮೊದಲ ಕೆಲಸ ತಿರುಗಾಡುವುದು, ಸುಮ್ನೆ ಕೂತು ಕೇಳುವುದು. ಸಿರುಗುಪ್ಪ ಕಡೆ ಹೋದರೆ ಎರಡನೇ ಬೆಳೆಗೆ ಕಾಲುವೆ ನೀರು ಬರುತ್ತೋ ಇಲ್ಲವೋ ಅನ್ನುವುದೊಂದೇ ಮಾತು. ಸಂಡೂರಿನಲ್ಲಿ ಅದಿರು ಲಾರಿ, ಧೂಳು. ಸಿಟಿಯಲ್ಲಿ ಜೀನ್ಸ್ ಹೊಲಿಯುವವರ ಮನೆಯಲ್ಲಿ ಪೀಸಿಗೆ ಎಷ್ಟು ಕೂಲಿ ಅನ್ನುವ ಲೆಕ್ಕ. ಇದನ್ನೆಲ್ಲ ಬರೆದುಕೊಂಡು ಬಂದು ನಾಯಕರ ಮುಂದೆ ಇಟ್ಟರೆ, ಪಕ್ಕದಲ್ಲಿ ಕೂತ ನಾಲ್ಕು ಜನ 'ಅಣ್ಣ, ಎಲ್ಲ ಕಡೆ ನಮ್ಮದೇ ಹವಾ' ಅನ್ನುತ್ತಾರೆ. ನಿಮಗೆ ನಿಜವಾದ ಎದುರಾಳಿ ಆ ನಾಲ್ಕು ಜನ. ಎದುರು ಪಕ್ಷದವರು ಆಮೇಲೆ.

ಪ್ರಚಾರದ ಆಟೋನೇ ನೋಡಿ. ಮೈಕ್‌ನಲ್ಲಿ 'ಬಡವರ ಬಂಧು, ಅಭಿವೃದ್ಧಿಯ ಹರಿಕಾರ, ಸರಳ ಸಜ್ಜನಿಕೆಯ...' ಅಂತ ಬಿರುದುಗಳು ಶುರುವಾಗುತ್ತವೆ. ಅಭ್ಯರ್ಥಿಯ ಹೆಸರು ಬರುವಷ್ಟರಲ್ಲಿ ಆಟೋ ಮುಂದಿನ ಓಣಿಗೆ ಹೋಗಿರುತ್ತದೆ. ಬಾಗಿಲಲ್ಲಿ ನಿಂತ ಹೆಣ್ಣುಮಗಳಿಗೆ ಕೇಳಿಸುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಹೆಸರು, ಗುರುತು, ಆ ವಾರ್ಡಿನ ಒಂದು ಮಾತು, ಮತ್ತೆ ಗುರುತು ಬಂದು ಹೋಗಬೇಕು. ಮತಯಂತ್ರದ ಕ್ರಮ ಸಂಖ್ಯೆಯನ್ನೂ ಸೇರಿಸಬೇಕು. ಅದು ಗೊತ್ತಾಗುವುದು ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ, ಆದ್ದರಿಂದ ಆ ರಾತ್ರಿ ರೆಕಾರ್ಡಿಂಗ್ ಸ್ಟುಡಿಯೋದಲ್ಲೇ ಜಾಗರಣೆ. ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು, ಸಿಟಿಯ ಕೌಲ್ ಬಜಾರ್ ಬಡಾವಣೆಗೆ ಉರ್ದುವಿನಲ್ಲಿ ಒಂದು. ಈ ಮೂರೂ ಭಾಷೆ ಕಿವಿಗೆ ಬೀಳುತ್ತಾ ಬೆಳೆದವರು ನೀವು. ಬೆಂಗಳೂರಿನ ಏಜೆನ್ಸಿಗೆ ಇದು ಇಲ್ಲ.

ಫ್ಲೆಕ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ಯಾರ ಫೋಟೋ ಯಾರಿಗಿಂತ ದೊಡ್ಡದು ಅನ್ನುವ ಪಂಚಾಯ್ತಿಯಲ್ಲಿ ಅರ್ಧ ಆಯಸ್ಸು ಕಳೆಯುತ್ತದೆ.

'ಒಳ್ಳೇ ಪ್ರಚಾರ ಮಾಡಿದರೆ ಗೆಲ್ಲಬಹುದಾ' ಅಂತಲೂ ಕೇಳಿದ್ದೀರಿ. ಇದಕ್ಕೆ ನಮ್ಮೂರಿನ 1999 ನೋಡಿ. ಲೋಕಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ನ ಸೋನಿಯಾ ಗಾಂಧಿ ವಿರುದ್ಧ ನಿಂತ ಬಿಜೆಪಿಯ ಸುಷ್ಮಾ ಸ್ವರಾಜ್ ಕೆಲವೇ ವಾರಗಳಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಅದಕ್ಕಿಂತ ಒಳ್ಳೆಯ ಪ್ರಚಾರ ಬಳ್ಳಾರಿ ನೋಡಿಲ್ಲ ಅಂತ ಹಿರಿಯರು ಈಗಲೂ ಹೇಳುತ್ತಾರೆ. ಆದರೂ 56 ಸಾವಿರ ಮತಗಳಿಂದ ಸೋತರು. 1952ರಿಂದ ಕಾಂಗ್ರೆಸ್ ಕೈ ಬಿಡದ ಕ್ಷೇತ್ರ ಅದು. ಆದರೆ 2004ರಲ್ಲಿ ಅದೇ ಕ್ಷೇತ್ರ ಮೊದಲ ಸಲ ಬಿಜೆಪಿಗೆ ಹೋಯಿತು. ನನ್ನ ಪ್ರಕಾರ ಆ ಭಾಷಣಗಳು ಅಲ್ಲಿ ಒಂದು ಬಾಗಿಲು ತೆಗೆದವು, ಒಳಗೆ ಹೋಗಲು ಮಾತ್ರ ಬೇರೆ ಬಲ ಬೇಕಾಯಿತು. ಗೆಲ್ಲಿಸಿಕೊಡುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡಿ.

ಇನ್ನು ನೀವು ಕೇಳದ ವಿಷಯ, ಅಂದರೆ ಕಾನೂನು. ಚುನಾವಣೆ ಹೊತ್ತಿಗೆ ನಮ್ಮ ಕಡೆ ಅನ್ನ ಹಾಕುವುದು ಇದೇ. ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಕರಪತ್ರ, ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು, ಅದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ. ಟಿವಿ, ರೇಡಿಯೋ, ಸೋಶಿಯಲ್ ಮೀಡಿಯಾ ಜಾಹೀರಾತಿಗೆ ಎಂಸಿಎಂಸಿ, ಅಂದರೆ ಚುನಾವಣಾ ಜಾಹೀರಾತು ಪರಿಶೀಲಿಸುವ ಮಾಧ್ಯಮ ಸಮಿತಿಯಿಂದ ಮೊದಲೇ ಒಪ್ಪಿಗೆ ಪಡೆಯಬೇಕು. ಮತದಾನದ ದಿನ ಮತ್ತು ಅದರ ಹಿಂದಿನ ದಿನ ಪತ್ರಿಕೆಯಲ್ಲಿ ಬರುವ ಜಾಹೀರಾತಿಗೂ ಇದು ಅನ್ವಯ. ಅಭ್ಯರ್ಥಿಯ ಲೆಕ್ಕ ಏನೇ ಇರಲಿ, ಚುನಾವಣಾ ಆಯೋಗದ ತಂಡ ತನ್ನದೇ ನೆರಳು ಲೆಕ್ಕ ಬರೆಯುತ್ತಿರುತ್ತದೆ. ಎರಡೂ ತಾಳೆಯಾಗದಿದ್ದರೆ ನೋಟಿಸ್. ಇದನ್ನು ಅರೆದು ಕುಡಿದ ಹುಡುಗನಿಗೆ ಚುನಾವಣೆ ಬಂದಾಗ ಮೂರು ಪಕ್ಷದವರೂ ಫೋನ್ ಮಾಡುತ್ತಾರೆ. ಸ್ಲೋಗನ್ ಬರೆಯುವವರು ಓಣಿಗೊಬ್ಬರು ಇದ್ದಾರೆ.

'ಇಲ್ಲಿ ಎಲ್ಲ ದುಡ್ಡು, ನಿನ್ನ ಪಿಆರ್ ಯಾರಿಗೆ ಬೇಕು' ಅಂತ ನಿಮ್ಮ ಮನೆಯಲ್ಲೇ ಕೇಳುತ್ತಾರೆ. ಎರಡೂ ಕಡೆಯವರು ಹಂಚಿದರೆ ಓಟು ಯಾವ ಕಡೆ ಹೋಗುತ್ತೆ ಅಂತ ತಿರುಗಿ ಕೇಳಿ. ನೀವು ಮಾತ್ರ ದುಡ್ಡು ಹಂಚುವ ಆ ಕೋಣೆಗೆ ಕಾಲಿಡಬೇಡಿ. ಸುಳ್ಳು ಸುದ್ದಿ, ಜಾತಿ ಎತ್ತಿ ಕಟ್ಟುವ ವಿಡಿಯೋ ಮಾಡಿಕೊಡು ಅಂದರೂ ಅಷ್ಟೇ. ಕೇಸ್ ಬಿದ್ದಾಗ ಸಿಗುವುದು ಪೇಜ್ ನಡೆಸುವ ಅಡ್ಮಿನ್ ಹೆಸರು, ಸಾಹೇಬರ ಹೆಸರಲ್ಲ.

ಸಂಪಾದನೆ ಮಳೆಗಾಲದ ಹಳ್ಳದ ಹಾಗೆ, ಬಂದಾಗ ಬರುತ್ತದೆ. ಅರ್ಧ ಹಣ ಮುಂಗಡ, ಉಳಿದದ್ದು ಮತದಾನಕ್ಕೆ ಮೊದಲೇ ತೆಗೆದುಕೊಳ್ಳಿ. ಸೋತವರು ಫೋನ್ ಎತ್ತಲ್ಲ, ಗೆದ್ದವರು ಸಿಗಲ್ಲ. ಒಬ್ಬ ಅಭ್ಯರ್ಥಿಯ ಕಡೆಯಿಂದ ನನಗೆ ಬರಬೇಕಾದ ಬಿಲ್ ಇನ್ನೂ ಬಂದಿಲ್ಲ, ಅವರು ಗೆದ್ದವರೇ. ನಡುವಿನ ವರ್ಷಗಳಲ್ಲಿ ಶಾಸಕರ ಫೇಸ್‌ಬುಕ್ ಪೇಜ್, ಪ್ರೆಸ್ ನೋಟ್, ಹುಟ್ಟುಹಬ್ಬದ ವಿಡಿಯೋ, ಗಣಿ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಕಾರ್ಯಕ್ರಮದ ವರದಿ. ಮನೆ ನಡೆಯುವುದು ಇದರಲ್ಲೇ.

ಬೆಂಗಳೂರಿಗೆ ಹೋಗುವುದಾದರೆ ಒಂದು ಚುನಾವಣೆ ಮಟ್ಟಿಗೆ ಹೋಗಿ ಬನ್ನಿ. ಸರ್ವೆ ಮಾಡುವುದು, ಡೇಟಾ ಓದುವುದು ಅಲ್ಲಿ ಚೆನ್ನಾಗಿ ಕಲಿಸುತ್ತಾರೆ. ಅಷ್ಟರೊಳಗೆ ಸ್ಥಳೀಯ ಸಂಸ್ಥೆ ಚುನಾವಣೆ ಬಂದರೆ ನಿಮ್ಮ ವಾರ್ಡಿನ ಒಬ್ಬ ಅಭ್ಯರ್ಥಿಯನ್ನು ಹಿಡಿಯಿರಿ, ಕಡಿಮೆ ದುಡ್ಡಿಗಾದರೂ ಪರವಾಗಿಲ್ಲ. ಮತದಾರರ ಪಟ್ಟಿ ಪ್ರಿಂಟ್ ತೆಗೆದು ಬೂತ್‌ವಾರು ಮನೆಮನೆ ತಿರುಗಿ.