ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ, ಯಾವ ರಿಕವರಿ ಸಾಫ್ಟ್‌ವೇರ್ ಕೊಳ್ಳಲಿ?

ಯಾವುದನ್ನೂ ಕೊಳ್ಳಬೇಡಿ. 32 ಜಿಬಿ ಪೆನ್‌ಡ್ರೈವ್‌ನಲ್ಲಿ 21 ಜಿಬಿ ತುಂಬಿದೆ ಎಂದು ತೋರಿಸುತ್ತದೆ, ತೆರೆದರೆ ಮಾತ್ರ ಒಂದೆರಡು ಕೆಬಿಯ ಶಾರ್ಟ್‌ಕಟ್‌ಗಳಷ್ಟೇ ಇವೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಫೈಲುಗಳು ಅಳಿಸಿಹೋಗಿಲ್ಲ, ಅಲ್ಲೇ ಇವೆ. ರಿಕವರಿ ಸಾಫ್ಟ್‌ವೇರ್ ಇರುವುದು ಅಳಿಸಿಹೋದದ್ದನ್ನು ಹುಡುಕಲು. ನನಗೂ ಹೀಗೇ ಆಗಿತ್ತು. ಪೆನ್‌ಡ್ರೈವ್ ಹತ್ತೇ ನಿಮಿಷದಲ್ಲಿ ಸರಿಹೋಯಿತು. ಆದರೆ ಅದಕ್ಕೂ ಮೊದಲು ಸರಿಯಾದ ಕಮಾಂಡನ್ನು ತಪ್ಪು ಜಾಗದಲ್ಲಿ ಓಡಿಸಿ, ಚೆನ್ನಾಗಿದ್ದ ಕಂಪ್ಯೂಟರನ್ನು ಕೆಡಿಸಿಕೊಂಡೆ. ನೀವು ಅದೊಂದನ್ನು ತಪ್ಪಿಸಿಕೊಂಡರೆ ಸಾಕು.

ಇದು ಶಾರ್ಟ್‌ಕಟ್ ವೈರಸ್‌ನ ಕೆಲಸ. ಅದು ಮಾಡುವುದು ಇಷ್ಟೇ. ನಿಮ್ಮ ಫೋಲ್ಡರ್‌ಗಳಿಗೆ 'ಹಿಡನ್' ಮತ್ತು 'ಸಿಸ್ಟಮ್' ಎಂಬ ಎರಡು ಗುರುತುಗಳನ್ನು ಒಟ್ಟಿಗೆ ಹಾಕುತ್ತದೆ. ಅದೇ ಹೆಸರಿನ, ಅದೇ ಐಕಾನಿನ ಶಾರ್ಟ್‌ಕಟ್ ಮಾಡಿ ಎದುರಿಗೆ ಇಡುತ್ತದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ನಿಜವಾದ ಫೋಲ್ಡರ್ ತೆರೆದುಕೊಳ್ಳುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ 'ಟಾರ್ಗೆಟ್' ಸಾಲನ್ನು ಓದಿ. ಫೋಲ್ಡರಿನ ಹೆಸರಿರಬೇಕಾದ ಕಡೆ ಸಿಎಂಡಿ ಅಥವಾ ಡಬ್ಲ್ಯೂಸ್ಕ್ರಿಪ್ಟ್ (ಕಮಾಂಡ್, ಸ್ಕ್ರಿಪ್ಟ್‌ಗಳನ್ನು ಓಡಿಸುವ ವಿಂಡೋಸ್ ಪ್ರೋಗ್ರಾಮ್‌ಗಳು) ಎಂದಿದ್ದರೆ ಇದೇ ವೈರಸ್. ವಿಂಡೋಸ್ 7ರಿಂದೀಚೆಗೆ ಪೆನ್‌ಡ್ರೈವ್ ಚುಚ್ಚಿದ ಮಾತ್ರಕ್ಕೆ ಅದರೊಳಗಿನ ಪ್ರೋಗ್ರಾಮ್ ತಾನಾಗಿ ಓಡುವುದಿಲ್ಲ. ಓಡಿಸುವುದು ನಮ್ಮ ಡಬಲ್ ಕ್ಲಿಕ್ಕೇ. ಆದ್ದರಿಂದ ಇನ್ನು ಒಂದು ಶಾರ್ಟ್‌ಕಟ್ಟನ್ನೂ ಮುಟ್ಟಬೇಡಿ.

'ಹಿಡನ್ ಐಟಮ್ಸ್' ಆನ್ ಮಾಡಿದರೂ ಏನೂ ಕಾಣಲಿಲ್ಲ ಎಂದಿದ್ದೀರಿ. ಎರಡು ಗುರುತೂ ಇದ್ದಾಗ ಅದೊಂದು ಸಾಲದು. ವಿಂಡೋಸ್ ಕೀ ಜೊತೆ ಆರ್ ಒತ್ತಿ 'ಕಂಟ್ರೋಲ್ ಫೋಲ್ಡರ್ಸ್' ಎಂದು ಕೊಟ್ಟರೆ ಫೋಲ್ಡರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ವ್ಯೂ ಟ್ಯಾಬ್‌ನಲ್ಲಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎಂಬುದರ ಟಿಕ್ ತೆಗೆಯಿರಿ, ಎಚ್ಚರಿಕೆ ಬಂದರೆ ಯೆಸ್ ಕೊಡಿ. ಮಸುಕು ಬಣ್ಣದಲ್ಲಿ ನಿಮ್ಮ ಫೋಲ್ಡರ್‌ಗಳು ಬರುತ್ತವೆ. ಪ್ರಾಪರ್ಟೀಸ್‌ಗೆ ಹೋಗಿ 'ಹಿಡನ್' ಟಿಕ್ ತೆಗೆಯೋಣವೆಂದರೆ ಅದು ಒತ್ತಲು ಬಾರದಂತೆ ಬೂದಾಗಿರುತ್ತದೆ, ಏಕೆಂದರೆ ಸಿಸ್ಟಮ್ ಗುರುತು ಇರುವವರೆಗೆ ಹಿಡನ್ ಗುರುತನ್ನು ಅಲ್ಲಿಂದ ಬದಲಿಸಲು ಬಿಡುವುದಿಲ್ಲ. ಅದಕ್ಕೇ ಕಮಾಂಡ್ ಪ್ರಾಂಪ್ಟ್, ಅಂದರೆ ಕಮಾಂಡುಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿ, ಬೇಕಾಗುವುದು.

ನಾನು ಎಡವಿದ್ದು ಇಲ್ಲೇ. ಕಮಾಂಡ್ ಪ್ರಾಂಪ್ಟ್ ತೆರೆದಾಗ ಅದು ಸಿ ಡ್ರೈವ್‌ನಲ್ಲಿ, ನನ್ನ ಯೂಸರ್ ಫೋಲ್ಡರ್‌ನಲ್ಲಿ ನಿಂತಿರುತ್ತದೆ. ಪೆನ್‌ಡ್ರೈವ್ ಇ ಆಗಿತ್ತು. 'ಸಿಡಿ ಇ:' ಎಂದು ಹೊಡೆದೆ. ತಪ್ಪು ಎಂದು ಏನೂ ಬರಲಿಲ್ಲ, ಹಾಗಾಗಿ ಡ್ರೈವ್ ಬದಲಾಯಿತು ಅಂದುಕೊಂಡೆ. ಆದರೆ ಸಿಡಿ ಕಮಾಂಡ್ ಬರೀ ಹಾಗೆ ಕೊಟ್ಟರೆ ಡ್ರೈವ್ ಬದಲಿಸುವುದೇ ಇಲ್ಲ. ಬದಲಿಸಲು ಬರಿಯ 'ಇ:' ಎಂದು ಹೊಡೆಯಬೇಕು, ಇಲ್ಲವೇ 'ಸಿಡಿ' ಆದಮೇಲೆ '/ಡಿ' ಸೇರಿಸಬೇಕು. ಪ್ರಾಂಪ್ಟ್‌ನ ಎಡತುದಿಯಲ್ಲಿ ಇನ್ನೂ ಸಿ ಎಂದೇ ಇತ್ತು, ನಾನು ನೋಡಲಿಲ್ಲ. ಎಲ್ಲರೂ ಹೇಳಿಕೊಡುವ ಸಾಲನ್ನೇ ಹೊಡೆದು ಎಂಟರ್ ಒತ್ತಿದೆ: ಅಟ್ರಿಬ್ -ಎಚ್ -ಎಸ್ -ಆರ್ /ಎಸ್ /ಡಿ *.*

ಈ ಸಾಲಿನ ಅರ್ಥ ಇಷ್ಟು: ನಾನು ಈಗ ನಿಂತಿರುವ ಜಾಗದಿಂದ ಕೆಳಗಿರುವ ಪ್ರತಿ ಫೈಲು, ಪ್ರತಿ ಫೋಲ್ಡರ್‌ನಿಂದ ಹಿಡನ್, ಸಿಸ್ಟಮ್, ರೀಡ್ ಓನ್ಲಿ ಗುರುತುಗಳನ್ನು ಕಿತ್ತುಹಾಕು. ನಿಂತಿದ್ದದ್ದು ನನ್ನದೇ ಯೂಸರ್ ಫೋಲ್ಡರ್‌ನಲ್ಲಿ. ಪ್ರೋಗ್ರಾಮ್‌ಗಳು ತಮ್ಮ ಸೆಟ್ಟಿಂಗ್‌ಗಳನ್ನು ಇಡುವ, ಸಾಮಾನ್ಯವಾಗಿ ಮರೆಯಾಗಿರುವ ಆಪ್‌ಡೇಟಾ ಫೋಲ್ಡರ್ ಹೊರಗೆ ಕಾಣಿಸಿಕೊಂಡಿತು. ಡೆಸ್ಕ್‌ಟಾಪ್ ಮೇಲೆ, ಡಾಕ್ಯುಮೆಂಟ್ಸ್ ಒಳಗೆ, ಡೌನ್‌ಲೋಡ್ಸ್ ಒಳಗೆ 'ಡೆಸ್ಕ್‌ಟಾಪ್ ಡಾಟ್ ಐಎನ್‌ಐ' ಎಂಬ ಫೈಲುಗಳು ಎದ್ದವು. ಆ ಫೋಲ್ಡರ್‌ಗಳ ವಿಶೇಷ ಐಕಾನ್‌ಗಳು ಹೋಗಿ ಬರೀ ಹಳದಿ ಫೋಲ್ಡರ್ ಉಳಿಯಿತು. ಐಕಾನ್ ಹೋದದ್ದು ಏಕೆಂದು ತಿಳಿದರೆ ಸರಿಮಾಡುವ ದಾರಿಯೂ ತಿಳಿಯುತ್ತದೆ. ಫೋಲ್ಡರಿನ ಐಕಾನ್, ತೋರಿಸುವ ಹೆಸರು ಎರಡನ್ನೂ ವಿಂಡೋಸ್ ಆ ಐಎನ್‌ಐ ಫೈಲಿನಿಂದ ಓದುತ್ತದೆ. ಆದರೆ ಪ್ರತಿ ಫೋಲ್ಡರ್‌ನಲ್ಲೂ ಅದನ್ನು ಹುಡುಕುತ್ತ ಕೂರುವುದಿಲ್ಲ. ಫೋಲ್ಡರಿನ ಮೇಲೆ ರೀಡ್ ಓನ್ಲಿ ಅಥವಾ ಸಿಸ್ಟಮ್ ಗುರುತಿದ್ದರೆ ಮಾತ್ರ ಹುಡುಕುತ್ತದೆ. '-ಆರ್' ಆ ಗುರುತನ್ನೇ ಅಳಿಸಿತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೂ ಐದು ನಿಮಿಷದ ಕೆಲಸವಾಗುತ್ತಿತ್ತು. ಆ ಐಎನ್‌ಐ ಫೈಲುಗಳೇ ವೈರಸ್ ಎಂದುಕೊಂಡು ಶಿಫ್ಟ್ ಡಿಲೀಟ್ ಕೊಟ್ಟು ಅಳಿಸಿದೆ. ಕೊನೆಗೆ ಹೊಸದೊಂದು ಯೂಸರ್ ಅಕೌಂಟ್ ಮಾಡಿ, ಅದರಲ್ಲಿ ಹೊಸದಾಗಿ ಹುಟ್ಟಿದ ಐಎನ್‌ಐ ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡಿ ತರಬೇಕಾಯಿತು. ನೀವೂ ಈಗಾಗಲೇ ಆ ಸಾಲನ್ನು ಸಿ ಡ್ರೈವ್‌ನಲ್ಲಿ ಓಡಿಸಿದ್ದರೆ ಏನನ್ನೂ ಅಳಿಸಬೇಡಿ. ಅಟ್ರಿಬ್ ಕಮಾಂಡಿನಲ್ಲೇ (ಪ್ಲಸ್ ಎಂದರೆ ಗುರುತು ಹಾಕು ಎಂದು) ಐಎನ್‌ಐ ಫೈಲುಗಳಿಗೆ '+ಎಚ್ +ಎಸ್', ಆಪ್‌ಡೇಟಾಗೆ '+ಎಚ್', ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳಿಗೆ '+ಆರ್' ಕೊಟ್ಟು, ಟಾಸ್ಕ್ ಮ್ಯಾನೇಜರ್‌ನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ರೀಸ್ಟಾರ್ಟ್ ಮಾಡಿ.

ಇನ್ನು ನೀವು ಮಾಡಬೇಕಾದದ್ದು. ಮೊದಲು ಕಂಪ್ಯೂಟರ್ ಶುದ್ಧವಾಗಬೇಕು, ಪೆನ್‌ಡ್ರೈವ್ ಆಮೇಲೆ. ಪೆನ್‌ಡ್ರೈವ್ ಕಿತ್ತಿಟ್ಟು, ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ, ತೆರೆದಿರುವ ಕೆಲಸವನ್ನು ಮೊದಲೇ ಸೇವ್ ಮಾಡಿ. ಆಮೇಲೆ ಪೆನ್‌ಡ್ರೈವ್ ಹಾಕಿ, ಅದರ ಅಕ್ಷರ ಯಾವುದೆಂದು 'ದಿಸ್ ಪಿಸಿ'ಯಲ್ಲಿ ಕಣ್ಣಾರೆ ನೋಡಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ, ಇ ಇರುವ ಕಡೆ ನಿಮ್ಮ ಪೆನ್‌ಡ್ರೈವ್‌ನ ಅಕ್ಷರ ಹಾಕಿ:

ಅಟ್ರಿಬ್ -ಎಚ್ -ಎಸ್ /ಎಸ್ /ಡಿ ಇ:\*.*

ಅಟ್ರಿಬ್ ಪದದಲ್ಲಿ ಟಿ ಎರಡು ಸಲ. ಡ್ರೈವ್ ಅಕ್ಷರ ಸಾಲಿನೊಳಗೇ ಇರುವುದರಿಂದ ಪ್ರಾಂಪ್ಟ್ ಎಲ್ಲಿ ನಿಂತಿದ್ದರೂ ಕಮಾಂಡ್ ಪೆನ್‌ಡ್ರೈವ್ ಮೇಲೆಯೇ ಕೆಲಸ ಮಾಡುತ್ತದೆ. ಸಿಡಿ ಬೇಕಾಗಿಯೇ ಇಲ್ಲ. '-ಆರ್' ಕೂಡ ಬೇಕಿಲ್ಲ, ಯಾರು ಹೇಳಿದರೂ ಸೇರಿಸಬೇಡಿ. ಎಚ್ ಮತ್ತು ಎಸ್ ಎರಡನ್ನೂ ಒಟ್ಟಿಗೆ ಕೊಡಬೇಕು, ಒಂದನ್ನೇ ಕೊಟ್ಟರೆ 'ನಾಟ್ ರೀಸೆಟಿಂಗ್' ಎಂದು ನಿರಾಕರಿಸುತ್ತದೆ. 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್' ಬಗ್ಗೆ 'ಆಕ್ಸೆಸ್ ಡಿನೈಡ್' ಬಂದರೆ ಬರಲಿ, ಅದು ವಿಂಡೋಸಿನ ಸ್ವಂತ ಫೋಲ್ಡರ್.

ಮುಗಿದ ಮೇಲೆ ಹೆಸರೇ ಇಲ್ಲದ ಒಂದು ಫೋಲ್ಡರ್ ಕಂಡರೆ ಗಾಬರಿಯಾಗಬೇಡಿ. ಈ ಜಾತಿಯ ಕೆಲವು ವೈರಸ್‌ಗಳು ಕಣ್ಣಿಗೆ ಕಾಣದ ಸ್ಪೇಸ್ ಅಕ್ಷರವನ್ನೇ ಹೆಸರಾಗಿಟ್ಟು, ಎಲ್ಲ ಫೈಲುಗಳನ್ನೂ ಅದರೊಳಗೆ ತುರುಕುತ್ತವೆ. ಎಫ್ 2 ಒತ್ತಿ ಹೆಸರು ಕೊಟ್ಟು ಒಳಗೆ ಹೋಗಿ. ನಿಮ್ಮ ಫೋಟೋ, ದಾಖಲೆಗಳನ್ನು ಮಾತ್ರ ಕಂಪ್ಯೂಟರ್‌ಗೆ ಕಾಪಿ ಮಾಡಿ. ಶಾರ್ಟ್‌ಕಟ್ ಬೇಡ, ವಿಬಿಎಸ್, ಜೆಎಸ್, ಇಎಕ್ಸ್‌ಇ ಎಂದು ಹೆಸರು ಮುಗಿಯುವ ಪ್ರೋಗ್ರಾಮ್ ಫೈಲುಗಳು ಯಾವುದೂ ಬೇಡ. ಫೈಲ್ ಹೆಸರಿನ ಈ ಕೊನೆಯ ಭಾಗವನ್ನು, ಅಂದರೆ ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆ ಆನ್ ಮಾಡಿದರೂ ಶಾರ್ಟ್‌ಕಟ್‌ನ ಎಲ್‌ಎನ್‌ಕೆ ಕಾಣುವುದಿಲ್ಲ, ಐಕಾನ್ ಮೂಲೆಯ ಪುಟ್ಟ ಬಾಣವನ್ನೇ ನೋಡಿ ಗುರುತಿಸಬೇಕು.

ಚೆಕ್‌ಡಿಸ್ಕ್ ಓಡಿಸಲೇ ಎಂದೂ ಕೇಳಿದ್ದೀರಿ. ಬೇಡವೇ ಬೇಡ. ಅದು ಫೈಲ್ ಸಿಸ್ಟಮ್‌ನ ದೋಷಕ್ಕೆ, ಮರೆಮಾಡಿದ ಫೋಲ್ಡರ್‌ಗಲ್ಲ. ಈಗಾಗಲೇ ರಿಪೇರಿ ಆಯ್ಕೆಯೊಂದಿಗೆ ಓಡಿಸಿ ಏನಾದರೂ ಕಾಣೆಯಾಗಿದ್ದರೆ 'ಫೌಂಡ್ ಡಾಟ್ 000' ಎಂಬ ಫೋಲ್ಡರ್‌ನಲ್ಲಿ ಹುಡುಕಿ. ಅದೂ ಮರೆಯಾಗಿಯೇ ಇರುತ್ತದೆ. ಫಾರ್ಮ್ಯಾಟ್ ಮಾಡುವುದಕ್ಕೆ ನನ್ನ ವಿರೋಧವಿಲ್ಲ, ಆದರೆ ಕಾಪಿ ಮಾಡಿದ ಫೈಲುಗಳು ಕಂಪ್ಯೂಟರಿನಲ್ಲಿ ತೆರೆಯುತ್ತವೆ ಎಂದು ಖಚಿತವಾದ ಮೇಲೆ.

ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ, ತೆಗೆದು, ಮತ್ತೆ ಚುಚ್ಚಿ ಒಂದೆರಡು ನಿಮಿಷ ಬಿಡಿ. ಅದು ಮತ್ತೆ ಶಾರ್ಟ್‌ಕಟ್ ಆಗಿದ್ದರೆ ವೈರಸ್ ಇನ್ನೂ ಕಂಪ್ಯೂಟರ್‌ನಲ್ಲೇ ಇದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಸ್ಕ್ರಿಪ್ಟ್ ಹೋಸ್ಟ್ (ಮೇಲೆ ಹೇಳಿದ ಡಬ್ಲ್ಯೂಸ್ಕ್ರಿಪ್ಟ್) ಎಂಬ ನಮೂದು ಇದೆಯೇ ನೋಡಿ, ಇದ್ದರೆ ಡಿಸೇಬಲ್ ಮಾಡಿ ಆಫ್‌ಲೈನ್ ಸ್ಕ್ಯಾನನ್ನು ಇನ್ನೊಮ್ಮೆ ಓಡಿಸಿ.