ಹೊತ್ತು ತಂದ ಹಬೆದೋಣಿ

ಪ್ರಶ್ನೆ: ಪಣಜಿಯಿಂದ ಮಾಂಡೋವಿಯಲ್ಲಿ ದೋಣಿ ಹತ್ತಿದವರು ದೂಧಸಾಗರವನ್ನು ಏರಲಾರರು. ಹಾಗಿರುವಾಗ, ಜಲಪಾತಗಳು ಅಡ್ಡಗಟ್ಟುವ ಕಾಂಗೋ ನದಿಯ ಕಾಡಿನೊಳಕ್ಕೆ ಮಿಷನರಿಗಳು ಹಬೆದೋಣಿಯನ್ನು ಒಯ್ದದ್ದು ಹೇಗೆ?
— ಓದುಗರೊಬ್ಬರು, ವಾಸ್ಕೋ, ಗೋವಾ

ಉತ್ತರ: ಜಲಪಾತಗಳಿದ್ದ ಕಡೆ ಅದನ್ನು ಮನುಷ್ಯರೇ ಹೊತ್ತರು. ಲೀಡ್ಸ್‌ನ ದಾನಿ ರಾಬರ್ಟ್ ಆರ್ಥಿಂಗ್ಟನ್ ಅವರ ಹಣದಿಂದ ಇಂಗ್ಲೆಂಡಿನಲ್ಲಿ ಕಟ್ಟಿದ ‘ಪೀಸ್’ ಎಂಬ ಹಬೆದೋಣಿಯನ್ನು ಬಿಚ್ಚಿ, ನೂರಾರು ಹೊರೆಗಳಾಗಿ ಕಟ್ಟಿ, ಲಿವಿಂಗ್‌ಸ್ಟನ್ ಜಲಪಾತಗಳ ಸಾಲನ್ನು ಕಾಲುದಾರಿಯಲ್ಲಿ ಬಳಸಿಕೊಂಡು ಆಫ್ರಿಕದ ಹೊರೆಯಾಳುಗಳು, ಜಲಪಾತಗಳ ಮೇಲ್ಗಡೆ ನದಿ ಸರೋವರದಂತೆ ಹರಡಿಕೊಳ್ಳುವ ಸ್ಟ್ಯಾನ್ಲಿ ಪೂಲ್‌ಗೆ ಮುಟ್ಟಿಸಿದರು. (ಅವರ ಹೆಸರುಗಳನ್ನು ಯಾವ ನಕ್ಷೆಯೂ ಸ್ಮರಿಸುವುದಿಲ್ಲ.) ಜೋಡಿಸಲು ಹೊರಟ ಎಂಜಿನಿಯರುಗಳು ತೀರಿಕೊಂಡದ್ದರಿಂದ ಬ್ಯಾಪ್ಟಿಸ್ಟ್ ಮಿಷನರಿ ಜಾರ್ಜ್ ಗ್ರೆನ್‌ಫೆಲ್ ತಾವೇ ಮುಂದೆ ನಿಂತು 1884ರಲ್ಲಿ ಅದನ್ನು ನೀರಿಗಿಳಿಸಿದರು.

ಹೊಸ ಮಿಷನ್ ಠಾಣೆಗಳಿಗೆ ಸ್ಥಳ ಹುಡುಕುವುದು ಉದ್ದೇಶವಾಗಿದ್ದರೂ, 1885ರಲ್ಲಿ ಉಬಾಂಗಿ ಉಪನದಿಯಲ್ಲಿ ಬಹುದೂರ ಸಾಗಿದ ಅವರು ಭೂಗೋಳಜ್ಞರ ಕೆಲಸವನ್ನೂ ಮಾಡಿದರು. ಅದೇ ವರ್ಷ ಬೆಲ್ಜಿಯಂನ ದೊರೆ ಎರಡನೆಯ ಲಿಯೊಪೋಲ್ಡ್ ಕಾಂಗೋವನ್ನು ಸ್ವಂತ ರಾಜ್ಯವಾಗಿಸಿಕೊಂಡನು. ಆ ಆಡಳಿತವನ್ನು ಮೊದಲು ನಂಬಿದ್ದ ಗ್ರೆನ್‌ಫೆಲ್, ಅದರ ಕ್ರೌರ್ಯವನ್ನು ಒಪ್ಪಿಕೊಳ್ಳಲು ತೀರ ತಡಮಾಡಿದರೆಂದೇ ನನ್ನ ಅಭಿಪ್ರಾಯ.